ಪದಚರ್ಚೆ: ರೆಟಿನಾಕ್ಕೆ ಪರದೆಯೆ, ಪಟಲವೆ, ತೆರೆಯೆ?

ಮಾನ್ಯರೇ,

ಪುಣೆಯ ಕೊಥ್ರೂಡಿನಲ್ಲಿರುವ ನಮ್ಮ ನೆರೆಹೊರೆಯ ಕನ್ನಡದ ಹಿರಿಯರಿಗಾಗಿ, ಪೊರೆಯ ಶಸ್ತ್ರಚಿಕಿತ್ಸೆಯ ಹಿಂದುಮುಂದೆ ಮಾಡುವ ಪರೀಕ್ಷೆಗಳನ್ನು ತಿಳಿಸುವ ಒಂದು ಪುಟದ ಬರಹವನ್ನು ಸಿದ್ಧಪಡಿಸುತ್ತಿದ್ದೇನೆ. ಕಣ್ಣಿನೊಳಗೆ ಬಿಂಬ ಬೀಳುವ ಪದರವಾದ ರೆಟಿನಾ ಎಂಬಲ್ಲಿಗೆ ಬಂದು, ಅದನ್ನು ಕನ್ನಡದಲ್ಲಿ ಏನೆನ್ನಬೇಕೆಂದು ತಿಳಿಯದೆ ಲೇಖನಿ ನಿಂತಿದೆ.

ಬರಹದ ಮರಾಠಿಯಲ್ಲಿ ಅದು ‘ದೃಷ್ಟಿಪಟಲ’. ಮಾತಿನಲ್ಲಿ ಬರಿಯ ‘ಪಡದಾ’. ಆ ‘ಪಡದಾ’ ನಮ್ಮವರ ಕಿವಿಗೆ ‘ಪರದೆ’ಯಾಗಿ ಬಿದ್ದು, ಮನಸ್ಸಿನಲ್ಲಿ ‘ಪೊರೆ’ಯಾಗಿ ಕೂರುತ್ತದೆ. ಶಸ್ತ್ರಚಿಕಿತ್ಸೆಯಾಗಿ ಐದನೆಯ ವಾರ ಮತ್ತೊಮ್ಮೆ ಓಸಿಟಿ (ಬೆಳಕಿನಿಂದ ಕಣ್ಣಿನ ಒಳಪದರಗಳ ಚಿತ್ರ ತೆಗೆಯುವ ಪರೀಕ್ಷೆ) ಮಾಡಿಸಬೇಕೆಂದಾಗ ನನ್ನ ತಾಯಿಯವರು, “ಪೊರೆ ತೆಗೆದಾಯಿತಲ್ಲ, ಇನ್ನು ಯಾತರ ಫೋಟೋ?” ಎಂದು ಕೇಳಿದರು. ಪೊರೆ ಬರುವುದು ಮಸೂರಕ್ಕೆ; ಓಸಿಟಿ ನೋಡುವುದು ಕಣ್ಣಿನ ಹಿಂಬದಿಯ ಒಳಗೋಡೆಗೆ ಹಾಸಿಕೊಂಡಿರುವ, ಸುಮಾರು ಕಾಲು ಮಿಲಿಮೀಟರ್ ದಪ್ಪದ ರೆಟಿನಾವನ್ನು. ಅದರ ನಡುವಿನ, ನೇರ ನೋಟಕ್ಕೆ ಬೇಕಾದ ಭಾಗವಾದ ಮ್ಯಾಕ್ಯುಲಾ ಮೊದಲೇ ಕೆಟ್ಟಿದ್ದರೆ ಪೊರೆ ತೆಗೆದರೂ ದೃಷ್ಟಿ ಬಯಸಿದಷ್ಟು ಮರಳುವುದಿಲ್ಲವೆಂಬುದು ಮುಂಚಿನ ಚಿತ್ರದಿಂದ ತಿಳಿಯುತ್ತದೆ. ಕೆಲವರಿಗೆ ಶಸ್ತ್ರಚಿಕಿತ್ಸೆಯಾದ 4ರಿಂದ 6 ವಾರಗಳ ಹೊತ್ತಿಗೆ ಅಲ್ಲಿ ನೀರು ತುಂಬಿ ನೋಟ ಮಂಜಾಗುವುದರಿಂದ, ಆಮೇಲಿನ ಚಿತ್ರವನ್ನು ಮುಂಚಿನದರ ಪಕ್ಕದಲ್ಲಿಟ್ಟು ದಪ್ಪವನ್ನು ಹೋಲಿಸುತ್ತಾರೆ. ಸಾಲದ್ದಕ್ಕೆ, ಕೃತಕ ಮಸೂರವನ್ನು ಹಿಡಿದಿರುವ ಚೀಲದ ಹಿಂಬದಿ ಕೆಲವು ತಿಂಗಳು ಅಥವಾ ವರ್ಷಗಳ ಬಳಿಕ ಮಬ್ಬಾದರೆ ಅದನ್ನೂ ‘ಮತ್ತೆ ಪೊರೆ ಬಂತು’ ಎನ್ನುವ ರೂಢಿಯಿದೆ.

ಶಾಲೆಯ ಪುಸ್ತಕಗಳ ‘ಅಕ್ಷಿಪಟಲ’ವನ್ನು ಬಳಸೋಣವೆಂದರೆ, ಸುಶ್ರುತಸಂಹಿತೆಯಲ್ಲಿ ‘ಪಟಲ’ವೆಂಬುದು ರೆಪ್ಪೆಯೂ ಸೇರಿದಂತೆ ಕಣ್ಣಿನ ಹಲವು ಪದರಗಳ ಹೆಸರು, ಓದುವ ಅಜ್ಜಂದಿರಿಗೂ ಅದು ದೂರದ ಮಾತು. ‘ಪರದೆ’ ಎಂದರೆ ಮರೆಮಾಡುವಂಥದು, ಆದ್ದರಿಂದ ತೆಗೆದುಹಾಕಬೇಕಾದುದು ಎಂಬ ಭಾವ ಬರುತ್ತದೆ. ನನಗೆ ‘ಒಳತೆರೆ’ ಹಿಡಿಸಿದೆ, ಏಕೆಂದರೆ ಬೆಳ್ಳಿತೆರೆಯ ಮೇಲೆ ಬೀಳುವಂತೆ ಇಲ್ಲಿಯೂ ಬಿಂಬ ಬೀಳುತ್ತದೆ. ಆದರೆ ಗೆಳೆಯರೊಬ್ಬರು ಇದನ್ನು ಕೇಳಿ, ನಾಟಕದಲ್ಲಿ ತೆರೆಯೂ ಸರಿಯುವಂಥದೇ ಅಲ್ಲವೆ ಎಂದು ನಕ್ಕರು.

ಜೊತೆಗೆ ಇನ್ನೊಂದು ತೊಡಕು. ಮ್ಯಾಕ್ಯುಲಾದ ‘ಸೂಜ್’ ಎಂಬ ಮರಾಠಿ ಮಾತನ್ನು ‘ಬಾವು’ ಎಂದು ಬರೆದರೆ ಕೀವು, ನೋವುಗಳ ಚಿತ್ರ ಮೂಡುತ್ತದೆ. ಇಲ್ಲಿ ನೋವಿರುವುದಿಲ್ಲ. ‘ಊತ’ ವಾಸಿ, ‘ನೀರು ತುಂಬಿದೆ’ ಎಂಬುದು ಇನ್ನೂ ಸ್ಪಷ್ಟ ಎಂಬುದು ನನ್ನ ಎಣಿಕೆ.

ಬೆಳಗಾವಿ, ಧಾರವಾಡ, ವಿಜಯಪುರಗಳ ಕಣ್ಣಿನ ವೈದ್ಯರು ರೋಗಿಗಳೊಡನೆ ಮಾತನಾಡುವಾಗ ರೆಟಿನಾಕ್ಕೆ ಏನೆನ್ನುತ್ತಾರೆ? ಅಲ್ಲಿಯೂ ‘ರೆಟಿನಾ’ ಎಂದೇ ನಡೆಯುತ್ತಿದ್ದರೆ, ನಾನೂ ಅದನ್ನೇ ಉಳಿಸಿಕೊಂಡು, ‘ಇದು ಪೊರೆಯಲ್ಲ’ ಎಂದು ಪಕ್ಕದಲ್ಲಿ ದಪ್ಪಕ್ಷರದಲ್ಲಿ ಬರೆಯುತ್ತೇನೆ.