ಕರ್ನಲ್ ಮಾಡ್ಯೂಲ್ ಮೆಮೊರಿ ತಿನ್ನುತ್ತಿದೆ, ಅನುಭವ ಇದ್ದವರು ಹೇಳಿ

ಬದಿಯಡ್ಕದಿಂದ:
ಇಲ್ಲಿನ ಕೇಬಲ್ ನೆಟ್‌ವರ್ಕಿನ ಲಿನಕ್ಸ್ ರೂಟರಿಗೆ ಒಂದು ಕರ್ನಲ್ ಮಾಡ್ಯೂಲ್ (ಲಿನಕ್ಸಿನ ತಿರುಳಿಗೆ ಸೇರಿಸುವ ಪ್ರೋಗ್ರಾಂ) ಬರೆದಿದ್ದೇನೆ. ರೂಟರ್ 32 ಬಿಟ್‌ನದು, ಮೆಮೊರಿ ಬರೀ 64 ಎಂಬಿ. ಒಂದು ಕನೆಕ್ಷನ್ನಿಗೆ 264 ಬೈಟಿನ ಒಂದು ಸ್ಟ್ರಕ್ಟ್ (ಮಾಹಿತಿಯ ಫೀಲ್ಡ್‌ಗಳನ್ನು ಒಟ್ಟಿಗೆ ಇಡುವ ಕಟ್ಟು). ಸಂಜೆ ಹೊತ್ತು 20,000 ಕನೆಕ್ಷನ್ ಇರುತ್ತವೆ. 5 ಎಂಬಿ ಚಿಲ್ಲರೆ ಸಾಕು ಅಂದುಕೊಂಡಿದ್ದೆ, 10 ಎಂಬಿ ದಾಟಿದೆ. ಯಾಕೆ?

ಮಂಜೇಶ್ವರದಿಂದ:
ಮಾರಾಯ್ರೆ, ನಿಮ್ಮ ಲೆಕ್ಕ ತಪ್ಪಲ್ಲ. ಕರ್ನಲ್‌ನಲ್ಲಿ ಮೆಮೊರಿ ಕೊಡುವ ಕೆಮ್ಯಾಲಕ್, 264 ಕೇಳಿದರೆ 264 ಕೊಡುವುದಿಲ್ಲ. 256 ದಾಟಿತೋ, ಮುಂದಿನ ಅಳತೆ 512. ಎಂಟು ಬೈಟಿಗೋಸ್ಕರ ಒಂದೊಂದು ಕನೆಕ್ಷನ್ನಿನಲ್ಲೂ 248 ಬೈಟ್ ದಂಡ! ನನಗೂ ಹೀಗೇ ಆಗಿತ್ತು. ಡೀಬಗ್ ಮಾಹಿತಿ ಸಮೇತ ಬಿಲ್ಡ್ ಮಾಡಿ, ಪಾಹೋಲ್ ಅನ್ನುವ ಟೂಲ್ ಓಡಿಸಿ. ಯಾವ ಫೀಲ್ಡ್ ಆದ ಮೇಲೆ ಎಷ್ಟು ಬೈಟ್ ಖಾಲಿ ಬಿದ್ದಿದೆ ಅಂತ ತೋರಿಸುತ್ತದೆ. ನನ್ನದರಲ್ಲಿ ಒಂದು ಬೈಟಿನ ಮೂರು ಫ್ಲ್ಯಾಗ್‌ಗಳು (ಹೌದು-ಇಲ್ಲ ಗುರುತುಗಳು) ಪಾಯಿಂಟರ್‌ಗಳ (ಮೆಮೊರಿ ವಿಳಾಸ ಇಡುವ ಫೀಲ್ಡ್‌ಗಳ) ನಡುವೆ ಅಲ್ಲೊಂದು ಇಲ್ಲೊಂದು ಇದ್ದವು. 32 ಬಿಟ್‌ನಲ್ಲಿ ಪಾಯಿಂಟರ್ ನಾಲ್ಕು ಬೈಟಿನ ಗಡಿಯಲ್ಲೇ ಕೂರಬೇಕಲ್ವಾ, ಹಾಗಾಗಿ ಪ್ರತಿ ಫ್ಲ್ಯಾಗಿಗೂ ಮೂರು ಬೈಟ್ ದಂಡ. ಮೂರನ್ನೂ ಒಟ್ಟಿಗೆ ಇಟ್ಟೆ. ಹನ್ನೆರಡು ಬೈಟ್ ಹಿಡಿಯುತ್ತಿದ್ದುದು ನಾಲ್ಕಕ್ಕೆ ಇಳಿಯಿತು. ನಿಮಗೂ ಬೇಕಾದದ್ದು ಅಷ್ಟೇ ಎಂಟು ಬೈಟ್. ಅಳೆಯುವಾಗ ಸ್ಲ್ಯಾಬ್ ಡೀಬಗ್ (ಮೆಮೊರಿ ತಪ್ಪು ಹಿಡಿಯುವ ತಪಾಸಣೆ) ಆಫ್ ಇರಲಿ, ಇಲ್ಲದಿದ್ದರೆ ಅಂಕಿ ಜಾಸ್ತಿ ಕಾಣುತ್ತದೆ.

ಪೆರ್ಲದಿಂದ:
ಅಣ್ಣ ಹೇಳಿದ್ದು ಸರಿ. ಆದರೆ ನಾಳೆ ಇನ್ನೊಂದು ಫೀಲ್ಡ್ ಸೇರಿಸಿದರೆ ಮತ್ತೆ 512ಕ್ಕೇ ಹೋಗುತ್ತೀರಿ. ಒಂದೇ ಅಳತೆಯ ಸಾವಿರಾರು ವಸ್ತು ಇದ್ದರೆ ಅದಕ್ಕೆ ಬೇರೆಯೇ ಸ್ಲ್ಯಾಬ್ ಕ್ಯಾಶ್ (ಅದೇ ಅಳತೆಗೆ ಮೀಸಲಾದ ಮೆಮೊರಿ ಸಂಗ್ರಹ) ಮಾಡಿಕೊಳ್ಳಿ. 4096 ಬೈಟಿನ ಪುಟದಲ್ಲಿ 512ರವು ಎಂಟೇ ಹಿಡಿಯುತ್ತವೆ, 264ರವು ಹದಿನೈದು.

ಇನ್ನೊಂದು ಮಾತು, ಇದರಲ್ಲಿ ನಾನು ಎರಡು ವಾರ ಕಳೆದಿದ್ದೇನೆ. ಜಾಗ ಉಳಿಸಲು ಫ್ಲ್ಯಾಗ್‌ಗಳನ್ನೆಲ್ಲ ಬಿಟ್‌ಫೀಲ್ಡ್ ಮಾಡಿದೆ, ಅಂದರೆ ಒಂದೊಂದಕ್ಕೆ ಒಂದೇ ಬಿಟ್. ಪ್ಯಾಕೆಟ್ ಬರುವ ದಾರಿಯಲ್ಲಿ ಒಂದು ಸಿಪಿಯು ಒಂದು ಬಿಟ್ ಬರೆಯುವಾಗ, ಟೈಮರ್ ಇನ್ನೊಂದು ಸಿಪಿಯುವಿನಲ್ಲಿ ಪಕ್ಕದ ಬಿಟ್ ಬರೆಯುತ್ತಿತ್ತು. ಬಿಟ್ ಬರೆಯುವುದೆಂದರೆ ಪಕ್ಕದ ಬಿಟ್‌ಗಳೂ ಇರುವ ಇಡೀ ಮೆಮೊರಿ ಪದವನ್ನು (ವರ್ಡ್) ಓದಿ, ಬದಲಿಸಿ, ತಿರುಗಿ ಬರೆಯುವುದು. ಒಬ್ಬರು ಬರೆದದ್ದು ಅಳಿಸಿಹೋಗುತ್ತಿತ್ತು, ಕನೆಕ್ಷನ್ ಮುಚ್ಚುತ್ತಲೇ ಇರಲಿಲ್ಲ. ಒಂದೇ ಲಾಕಿನ (ಒಂದು ಸಲಕ್ಕೆ ಒಬ್ಬರೇ ಬರೆಯುವಂತೆ ತಡೆಯುವ ಬೀಗದ) ಅಡಿಯಲ್ಲಿ ಬರೆಯುವ ಬಿಟ್‌ಗಳನ್ನು ಮಾತ್ರ ಒಟ್ಟಿಗೆ ಇಡಿ. ಉಳಿದವಕ್ಕೆ ಸೆಟ್‌ಬಿಟ್ ಬಳಸಿ, ಅದು ನಡುವೆ ಯಾರೂ ನುಗ್ಗದಂತೆ ಬಿಟ್ ಬರೆಯುತ್ತದೆ.

ಕುಂಬಳೆಯಿಂದ:
ಮುಗಿದ ಕನೆಕ್ಷನ್‌ಗಳು ಎಷ್ಟಿವೆ ನೋಡಿದ್ದೀರಾ? ಲಿನಕ್ಸ್ ಟಿಸಿಪಿ ಟೈಮ್‌ವೇಟ್‌ಗೆ (ಕನೆಕ್ಷನ್ ಮುಗಿದ ಮೇಲೆ ಸ್ವಲ್ಪ ಹೊತ್ತು ಕಾಯುವ ಹಂತಕ್ಕೆ) ಬಂದ ಕೂಡಲೇ ದೊಡ್ಡ ಸಾಕೆಟ್ ಬಿಟ್ಟು, ಒಂದು ಸಣ್ಣ ಸ್ಟ್ರಕ್ಟ್ ಮಾತ್ರ 60 ಸೆಕೆಂಡ್ ಇಟ್ಟುಕೊಳ್ಳುತ್ತದೆ. ನೀವೂ ಹಾಗೆ ಮಾಡಬಹುದು.

ಬದಿಯಡ್ಕದಿಂದ:
ಎಲ್ಲರಿಗೂ ತುಂಬಾ ಉಪಕಾರ. ಪಾಹೋಲ್ ಓಡಿಸಿದೆ, ನನ್ನದರಲ್ಲೂ ಮೂರು ಕಡೆ ಖಾಲಿ ಇತ್ತು. ಸರಿಮಾಡಿದ ಮೇಲೆ 256ಕ್ಕೆ ಕೂತಿತು, ಬಳಕೆ ಅರ್ಧಕ್ಕೆ ಇಳಿದಿದೆ. ಅಕ್ಕ ಹೇಳಿದ ಟೈಮ್‌ವೇಟ್ ಉಪಾಯಕ್ಕೆ ಈ ಭಾನುವಾರ ಕೂರುತ್ತೇನೆ.