ಲೈಟಿನ ಡಬ್ಬಿಗೆ ಫ್ಯಾನ್ ತೂಗುಹಾಕಬಹುದಾ?

ಡೊಂಬಿವಲಿ ಸೊಸೆ:
ನಮ್ಮದು ಡೊಂಬಿವಲಿ ಪೂರ್ವದ ಹಳೇ ಬಿಲ್ಡಿಂಗ್, 4ನೇ ಮಾಳಿಗೆ, ಮೇಲೆ ತಾರಸಿ. ಒಳಕೋಣೆಯ ಸೀಲಿಂಗಿನಲ್ಲಿ ಲೈಟಿಗೆ ಅಂತ ಬಿಟ್ಟ ದುಂಡು ಡಬ್ಬಿ ಇದೆ. ಮಗ 10ನೇ ಕ್ಲಾಸು, ಅಲ್ಲೇ ಓದುತ್ತಾನೆ, ಫ್ಯಾನ್ ಬೇಕು. ವೈರ್‌ಮನ್ ಬಂದು, ಡಬ್ಬಿಗೆ ಒಂದು ಪಟ್ಟಿ, 2 ಸ್ಕ್ರೂ ಹಾಕಿ ತೂಗುಬಿಡ್ತೀನಿ, ‘ಚಲ್ತಾ ಹೈ’ ಅಂದ. ನಮ್ಮತ್ತೆ ‘ಮಗೂ ತಲೆ ಮೇಲೆ ನಹೀ ಚಲ್ತಾ’ ಅಂತ ಚಾ ಕೊಟ್ಟು ಕಳಿಸಿದರು. ಯಾರದ್ದು ಸರಿ?

ಚೆಂಬೂರು ಮಾಮ:
ಅತ್ತೆಯದೇ. ಆ ಸ್ಕ್ರೂ ಇರುವುದು ಮುಚ್ಚಳ ಹಿಡಿಯೋಕೆ. 1200 ಮಿ.ಮೀ. ಫ್ಯಾನ್ 4 ಕಿಲೋ ಆಸುಪಾಸು ತೂಗುತ್ತದೆ, ಅದು ಹೋಗಲಿ, ನಡುಕ ಇದೆಯಲ್ಲ, ಅದೇ ಜಾಸ್ತಿ ಕೆಲಸ ಕೆಡಿಸುವುದು. ನಮ್ಮ ಮನೆಯಲ್ಲಿ ಒಂದು ಸಲ ನಡುರಾತ್ರಿ ಟಕ್ ಟಕ್ ಅಂತ ಸದ್ದು. ಎದ್ದು ನೋಡಿದರೆ ಕೊಕ್ಕೆಯ ಬೋಲ್ಟು ಅರ್ಧ ಹೊರಗೆ ಬಂದಿತ್ತು. ಹಾಕಿದವನು ನಟ್ ಬಿಗಿದಿದ್ದ, ಅದರ ಮುಂದಿನ ಪಿನ್ ಹಾಕಿರಲಿಲ್ಲ. ಆ ಪಿನ್ನು ಪ್ಯಾಕೆಟ್ಟಿನಲ್ಲೇ ಇತ್ತು, ಅಟ್ಟದ ಮೇಲೆ!

ಹಡಪ್ಸರ್ ತಮ್ಮ:
ಅಕ್ಕಾ, ನಾನು ಪುಣೆಯಲ್ಲಿ ವೈರಿಂಗ್ ಕೆಲಸದವನು. ಡಬ್ಬಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಫ್ಯಾನಿನ ಡಬ್ಬಿಯಾದರೆ ಒಳಗೆ ಕಬ್ಬಿಣದ ಸರಳು ಬಗ್ಗಿಸಿ ಕೂರಿಸಿರುತ್ತಾರೆ, ಅದರ ತುದಿಗಳು ಸ್ಲ್ಯಾಬಿನ ಕಾಂಕ್ರೀಟಿನಲ್ಲಿ ಹೂತಿರುತ್ತವೆ. ಸರಳು ಇಲ್ಲದಿದ್ದರೆ ಡಬ್ಬಿಯನ್ನು ವೈರಿಗೆ ಮಾತ್ರ ಬಿಡಿ. ಪಕ್ಕದಲ್ಲಿ ಸ್ಲ್ಯಾಬಿಗೇ ಆಂಕರ್ ಫಾಸ್ಟನರ್ (ಕಾಂಕ್ರೀಟಿನ ತೂತಿನಲ್ಲಿ ಬಿಗಿಯಾಗಿ ಕಚ್ಚಿಕೊಳ್ಳುವ ಬೋಲ್ಟು) ಹೊಡೆದು ಕೊಕ್ಕೆಯ ಪ್ಲೇಟ್ ಕೂರಿಸಬೇಕು. ಬರೀ ಗಾರೆಗೆ ಹೊಡೆದರೆ ಹಿಡಿಯುವುದಿಲ್ಲ. ಫ್ಯಾನಿನ ಜೊತೆ ಸ್ಟೀಲ್ ಸೇಫ್ಟಿ ವೈರ್ ಬಂದಿದ್ದರೆ ಅದಕ್ಕೆ ಬೇರೆಯೇ ಕೊಕ್ಕೆ. ರೆಕ್ಕೆಗೂ ಸೀಲಿಂಗಿಗೂ 1 ಅಡಿ ಬಿಡಿ, ಇಲ್ಲದಿದ್ದರೆ ಗಾಳಿ ಬರುವುದಿಲ್ಲ.

ಇನ್ನೊಂದು, ಬರೀ ಸ್ವಿಚ್ ಆಫ್ ಮಾಡಿ ಕೈ ಹಾಕಬೇಡಿ. ಹಳೇ ಮನೆಗಳಲ್ಲಿ ಎಷ್ಟೋ ಕಡೆ ಸ್ವಿಚ್ಚನ್ನು ಕರೆಂಟ್ ಬರುವ ತಂತಿಗೆ ಕೊಡದೆ ನ್ಯೂಟ್ರಲ್‌ಗೆ, ಅಂದರೆ ವಾಪಸ್ ಹೋಗುವ ತಂತಿಗೆ ಕೊಟ್ಟಿರುತ್ತಾರೆ, ಆಫ್ ಆದರೂ ಮೇಲೆ ಕರೆಂಟ್ ಇರುತ್ತದೆ. ಮೇನ್ ಆಫ್ ಮಾಡಿ, ಆಮೇಲೂ ಟೆಸ್ಟರ್ ಇಟ್ಟು ನೋಡಿ.

ಮೇಲೆ ತಾರಸಿ ಅಂದಿರಿ. ಮಳೆಗಾಲದಲ್ಲಿ ಸೋರುತ್ತಾ? ಡಬ್ಬಿಯ ಸುತ್ತ ಸೀಲಿಂಗನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಡಬಡಬ ಅಂತ ಪೊಳ್ಳು ಸದ್ದು ಬಂದರೆ ಅಲ್ಲಿ ಯಾವ ಫಾಸ್ಟನರೂ ಬೇಡ.

ಡೊಂಬಿವಲಿ ಸೊಸೆ:
ತಮ್ಮಾ, ಮೇನ್ ಆಫ್ ಮಾಡಿ ನೋಡಿದೆವು. ಸರಳೂ ಇಲ್ಲ ಏನೂ ಇಲ್ಲ. ಪ್ಲಾಸ್ಟಿಕ್ ಡಬ್ಬಿ, ಸ್ಕ್ರೂ ಕೂರುವ ಒಂದು ಕಿವಿ ಆಗಲೇ ಸೀಳಿದೆ! ಯಜಮಾನರು ತಟ್ಟಿದರು. ಡಬ್ಬಿಯಿಂದ ಒಂದು ಗೇಣು ಆಚೆ ಡಬಡಬ, ಪೂರಿಯಷ್ಟು ಅಗಲದ ಗಾರೆ ಬಿತ್ತು. ಒಳಗಿನ ಕಂಬಿ ತುಕ್ಕು ಹಿಡಿದು ಪದರ ಪದರ ಎದ್ದಿದೆ.

ಹಡಪ್ಸರ್ ತಮ್ಮ:
ಹಾಗಾದರೆ ಈಗ ಫ್ಯಾನ್ ಮಾತೇ ಬೇಡ ಅಕ್ಕಾ. ಮೊದಲು ತಾರಸಿಯ ಸೋರಿಕೆ ನಿಲ್ಲಲಿ, ಸ್ಲ್ಯಾಬನ್ನು ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರು ನೋಡಲಿ.

ಡೊಂಬಿವಲಿ ಸೊಸೆ:
ಸೊಸೈಟಿಗೆ ಅರ್ಜಿ ಬರೆದುಕೊಟ್ಟೆ. ಮಗನ ಮಂಚ, ಮೇಜು ಹಾಲ್‌ಗೆ ಬಂದಿವೆ. ಸದ್ಯಕ್ಕೆ ಟೇಬಲ್ ಫ್ಯಾನ್. ಹಾಳೆ ಹಾರುತ್ತದೆ ಅಂತ ಪುಸ್ತಕದ ಮೇಲೆ ಅಜ್ಜಿಯ ಅಡಕತ್ತರಿ ಇಟ್ಟುಕೊಂಡು ಓದುತ್ತಿದ್ದಾನೆ.