ಅಪ್‌ಡೇಟ್: ಉಚಿತ ಕಾನೂನು ನೆರವಿನ ಕೆಲಸ ಕೊನೆಗೂ ಲೆಕ್ಕಕ್ಕೆ ಬಂತು

ಮಂಡ್ಯದ ಹಳ್ಳಿಗಳಲ್ಲಿ ನಾವು ಕೊಡೋ ಉಚಿತ ಕಾನೂನು ನೆರವನ್ನ ಲಾ ಕಾಲೇಜು ಲೆಕ್ಕಕ್ಕೇ ತಗೊಳ್ತಿಲ್ಲ, ಏನು ಮಾಡಲಿ ಅಂತ ಇಲ್ಲಿ ಕೇಳಿದ್ದೆ. ಎಲ್ಲರೂ ಸೇರಿ ಮನವಿ ಕೊಟ್ವಿ. ‘ನೋಡೋಣ’ ಅಂದ್ರು, ಅಷ್ಟೇ.

ಕೆಲಸಕ್ಕೆ ಬಂದಿದ್ದು, ಕಾನೂನು ಶಿಕ್ಷಣಕ್ಕೆ ನಿಯಮ ಮಾಡೋ ಬಾರ್ ಕೌನ್ಸಿಲಿನ 2008ರ ನಿಯಮ ತೋರಿಸಿ ಅಂತ ಇಲ್ಲಿ ಉತ್ತರ ಕೊಟ್ಟ ಅಣ್ಣನ ಸಲಹೆ. ವಕೀಲರ ಅಥವಾ ಕಾನೂನು ನೆರವಿನ ಕಚೇರಿಯಲ್ಲಿ ಕಕ್ಷಿದಾರರ ಎರಡು ಸಂದರ್ಶನ ನೋಡಿ ಡೈರಿ ಬರೆದರೆ 15 ಅಂಕ ಅಂತ ಅದರಲ್ಲೇ ಇದೆ! ಪ್ರಿನ್ಸಿಪಾಲರು ಓದಿ, ನಮ್ಮ ಡೈರಿ ತರಿಸ್ಕೊಂಡ್ರು. ತುಂಬಾ ಥ್ಯಾಂಕ್ಸ್ ಅಣ್ಣ.

ಪಾಂಡವಪುರ ಕಡೆಯ ಅಜ್ಜಿಯೊಬ್ಬರು ಪಹಣಿ ಹಿಡ್ಕೊಂಡು ಬಂದು ‘ಲಾಯರಿಗೆ ದುಡ್ಡಿಲ್ಲ ಕಣಪ್ಪ’ ಅಂದಾಗ ತಿಳಿದಿದ್ದು: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಆದಾಯ ಎಷ್ಟೇ ಇರಲಿ, ಹೆಂಗಸರು ಉಚಿತ ಕಾನೂನು ನೆರವಿಗೆ ಅರ್ಹರು. ಬೇಕಾದೋರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.